ಲ್ಯಾನ್ಸ್‌ಬರಿಯವರ ಶಾಂತಿವಾದ ಹೇಡಿತನವಲ್ಲ

ಯಾವ ಕಾರಣಕ್ಕೂ ಯುದ್ಧವನ್ನು ಒಪ್ಪಲಾಗದೆಂಬ ನಿಲುವನ್ನು ಶಾಂತಿವಾದ ಎನ್ನುತ್ತಾರೆ. ಅದನ್ನು ಹಿಡಿದವರನ್ನು ಹೇಡಿಗಳೆಂದು ತಳ್ಳಿಹಾಕುವ ರೂಢಿ ಎಡಪಂಥದೊಳಗೂ ಇದೆ. ಬ್ರಿಟನ್ನಿನ ಲೇಬರ್ ಪಕ್ಷದ ನಾಯಕರಾಗಿದ್ದ ಜಾರ್ಜ್ ಲ್ಯಾನ್ಸ್‌ಬರಿ (1859–1940) ಅವರ ಬದುಕನ್ನು ಬಲ್ಲವರು ಆ ಮಾತನ್ನು ಆಡಲಾರರು.

ಮಹಿಳೆಯರ ಮತದ ಹಕ್ಕಿಗಾಗಿ ಪಕ್ಷ ಗಟ್ಟಿಯಾಗಿ ನಿಲ್ಲುತ್ತಿಲ್ಲವೆಂದು 1912ರಲ್ಲಿ ಸಂಸತ್ ಸ್ಥಾನಕ್ಕೇ ರಾಜೀನಾಮೆ ಕೊಟ್ಟು, ಅದೇ ಪ್ರಶ್ನೆಯ ಮೇಲೆ ಉಪಚುನಾವಣೆಗೆ ನಿಂತು ಸೋತವರು ಅವರು. ಮತ್ತೆ ಸಂಸತ್ತಿಗೆ ಮರಳಿದ್ದು 1922ರಲ್ಲಿ.

ಅದಕ್ಕೂ ಮುನ್ನ ನಡೆದ ಪಾಪ್ಲರ್ ಹೋರಾಟವನ್ನು ವಿವರವಾಗಿಯೇ ಹೇಳಬೇಕು. ಪೂರ್ವ ಲಂಡನ್ನಿನ ಈ ಪ್ರದೇಶದಲ್ಲಿ ಆಗ ಹಡಗುಕಟ್ಟೆಯ ಕೂಲಿಕಾರರೇ ಹೆಚ್ಚಾಗಿದ್ದರು. ನಿರ್ಗತಿಕರ ಪರಿಹಾರದ ವೆಚ್ಚವನ್ನು ಆಯಾ ಪ್ರದೇಶದ ‘ರೇಟ್ಸ್’, ಅಂದರೆ ಮನೆ–ಕಟ್ಟಡಗಳ ಮೇಲಿನ ಸ್ಥಳೀಯ ತೆರಿಗೆ, ಭರಿಸಬೇಕಾಗಿದ್ದರಿಂದ ಬಡವರು ಹೆಚ್ಚಿದ್ದ ಕಡೆಯೇ ತೆರಿಗೆಯ ಹೊರೆಯೂ ಹೆಚ್ಚುತ್ತಿತ್ತು. 1921ರಲ್ಲಿ ಲ್ಯಾನ್ಸ್‌ಬರಿಯವರ ಮುಂದಾಳತ್ವದಲ್ಲಿ ಪಾಪ್ಲರ್ ಪುರಸಭೆ, ಲಂಡನ್ ಕೌಂಟಿ ಕೌನ್ಸಿಲ್ ಮೊದಲಾದ ಸಂಸ್ಥೆಗಳಿಗೆ ಸಲ್ಲಬೇಕಾದ ಪಾಲನ್ನು ವಸೂಲು ಮಾಡಲು ಒಪ್ಪದೆ, ನ್ಯಾಯಾಲಯದ ಆದೇಶಕ್ಕೂ ಮಣಿಯದೆ ಇದ್ದಾಗ 30 ಸದಸ್ಯರು ಸೆರೆಮನೆ ಸೇರಿದರು. ಪುರಸಭೆಯ ಸಭೆಗಳು ಬ್ರಿಕ್ಸ್‌ಟನ್ ಜೈಲಿನೊಳಗೇ ನಡೆದವು. ಹಾಲೋವೆ ಜೈಲಿನಲ್ಲಿದ್ದ ಮಹಿಳಾ ಸದಸ್ಯರನ್ನು ಅಲ್ಲಿಗೆ ಕರೆತರಲಾಗುತ್ತಿತ್ತು. ಹರ್ಬರ್ಟ್ ಮಾರಿಸನ್‌ರಂಥ ಸ್ವಪಕ್ಷೀಯರೇ ಈ ಕಾನೂನುಭಂಗವನ್ನು ವಿರೋಧಿಸಿದರೂ, ಆರು ವಾರಗಳ ಬಳಿಕ ಬಿಡುಗಡೆಯಾಯಿತು, ಪರಿಹಾರದ ಹೊರೆಯನ್ನು ಲಂಡನ್ನಿನ ಸಿರಿವಂತ ಪ್ರದೇಶಗಳೂ ಹಂಚಿಕೊಳ್ಳುವಂತೆ ಕಾನೂನೂ ಬಂತು. ಒಂದೇಟೂ ಹೊಡೆಯದೆ ಗೆದ್ದ ಈ ಹೋರಾಟ ಹೇಡಿಗಳ ಕೈಯಲ್ಲಿ ಆಗುವಂಥದ್ದಲ್ಲ.

1935ರಲ್ಲಿ ಮುಸೊಲಿನಿ ಅಬಿಸೀನಿಯದ ಮೇಲೆ, ಅಂದರೆ ಇಂದಿನ ಇಥಿಯೋಪಿಯದ ಮೇಲೆ ಎರಗಲು ಸಜ್ಜಾಗಿದ್ದಾಗ, ಇಟಲಿಯ ವಿರುದ್ಧ ದಿಗ್ಬಂಧನಗಳನ್ನು, ಅಂದರೆ ವ್ಯಾಪಾರ ಮತ್ತು ಹಣಕಾಸಿನ ನಿರ್ಬಂಧಗಳನ್ನು, ಪಕ್ಷ ಬೆಂಬಲಿಸಿತು. ಅದರ ತುದಿಯಲ್ಲಿ ಯುದ್ಧವಿದೆಯೆಂದು ಕಂಡ ಲ್ಯಾನ್ಸ್‌ಬರಿ, ಬ್ರೈಟನ್ ಅಧಿವೇಶನದಲ್ಲಿ ತಮ್ಮ ಕ್ರೈಸ್ತ ನಂಬಿಕೆಯನ್ನು ಮುಚ್ಚಿಡದೆ ವಿರೋಧ ಸೂಚಿಸಿದರು. ಕಾರ್ಮಿಕ ಸಂಘದ ಮುಖಂಡ ಅರ್ನೆಸ್ಟ್ ಬೆವಿನ್, ಲ್ಯಾನ್ಸ್‌ಬರಿಯವರನ್ನು ಕಟುವಾಗಿ ಜರೆದರು. 21 ಲಕ್ಷಕ್ಕೂ ಹೆಚ್ಚು ಮತಗಳು ದಿಗ್ಬಂಧನದ ಪರ ಬಿದ್ದರೆ, ವಿರೋಧಕ್ಕೆ ಸುಮಾರು 1 ಲಕ್ಷ ಮಾತ್ರ. ಸಂಘದ ಸದಸ್ಯರೆಲ್ಲರ ಮತಗಳನ್ನು ಒಟ್ಟಾಗಿ ಚಲಾಯಿಸುವ ಪದ್ಧತಿ ಇದ್ದುದರಿಂದ ಸಂಖ್ಯೆಗಳು ಇಷ್ಟು ದೊಡ್ಡವು. ಕೆಲವೇ ದಿನಗಳಲ್ಲಿ ಲ್ಯಾನ್ಸ್‌ಬರಿ ನಾಯಕತ್ವ ಬಿಟ್ಟರು.

ಫ್ಯಾಸಿಸಂ ಕುರಿತ ಬೆವಿನ್ ಅವರ ಎಣಿಕೆ ಸರಿಯಾಗಿತ್ತು. 1937ರಲ್ಲಿ ಹಿಟ್ಲರನನ್ನು ಕಂಡು ಮಾತಿನಿಂದ ಯುದ್ಧ ತಪ್ಪಿಸಬಹುದೆಂದು ಲ್ಯಾನ್ಸ್‌ಬರಿ ನಂಬಿದ್ದು ಭಾರೀ ತಪ್ಪು. ಆದರೆ ಬಹುಮತ ಪಕ್ಷಕ್ಕೆ ನೀತಿಯನ್ನು ನಿರ್ಧರಿಸುವ ಹಕ್ಕನ್ನು ಕೊಡುತ್ತದೆಯೇ ಹೊರತು ಭಿನ್ನಮತೀಯನನ್ನು ಅವಮಾನಿಸುವ ಹಕ್ಕನ್ನಲ್ಲ. ಒಪ್ಪದ ನೀತಿಗೆ ಮುಖವಾಗಿ ಕೂರುವ ಬದಲು ಪದವಿಯನ್ನೇ ತ್ಯಜಿಸಿದ ನಾಯಕನನ್ನು ಹಿಟ್ಲರ್ ಭೇಟಿಯೊಂದರಿಂದಲೇ ಅಳೆಯುವ ಇತಿಹಾಸಕಾರರು ಪಾಪ್ಲರಿನ ಸೆರೆವಾಸವನ್ನೂ ಅದರ ಪಕ್ಕದಲ್ಲಿಟ್ಟು ಬರೆಯಬೇಕು.