ಹೊಸ ಕೊಂಬಿಗೆ ಹಳೆಯ ವೇಷ ಬೇಡ

ಕೋವಿಮದ್ದು ತುಂಬುವ ಕೊಂಬನ್ನು ಕೈಯಿಂದಲೇ ಮಾಡುವ ನಮ್ಮಂಥವರ ನಡುವೆ ಒಂದು ಕೆಟ್ಟ ಚಾಳಿ ಬೆಳೆದುಬಿಟ್ಟಿದೆ. ಮೊನ್ನೆ ಮೊನ್ನೆ ಮಾಡಿದ ಕೊಂಬಿಗೆ ಇನ್ನೂರೈವತ್ತು ವರ್ಷದ ಮುಪ್ಪು ಬರಿಸುವುದು. ಬಿಳಿಯ ಕೊಂಬನ್ನು ಬಟ್ಟೆಗೆ ಹಾಕುವ ಬಣ್ಣದಲ್ಲಿ ಅದ್ದಿ ಹಳದಿ ಮಾಡುತ್ತಾರೆ. ಪೊಟ್ಯಾಶಿಯಂ ಪರ್ಮಾಂಗನೇಟ್ ಬಳಿದು ಕಂದು ತರಿಸುತ್ತಾರೆ. ಹುಳು ತಿಂದ ಹಾಗೆ ಕಾಣಲಿ ಎಂದು ಸಣ್ಣ ಉಳಿಯಿಂದ ಅಂಕುಡೊಂಕು ಗೀರು ಕೊರೆಯುತ್ತಾರೆ. ಮೇಲೆ 1757 ಎಂದು ಇಸವಿ ಕೆತ್ತುತ್ತಾರೆ. ತಮ್ಮ ಹೆಸರನ್ನು ಮಾತ್ರ ಎಲ್ಲಿಯೂ ಹಾಕುವುದಿಲ್ಲ. ಇದು ನಿಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಶಿಕಾರಿಪುರ ತಾಲ್ಲೂಕಿನವನು. ಬಹಳ ಕಾಲದಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಕಡೆ ಇದ್ದೇನೆ. ಹದಿನೆಂಟನೇ ಶತಮಾನದಲ್ಲಿ ಉದ್ದನಳಿಗೆಯ ರೈಫಲ್ ಮಾಡುವವರಿಗೆ ಹೆಸರಾಗಿದ್ದ ಸೀಮೆ ಇದು. ಆ ಕೋವಿಗೆ ತೋಟೆ ಇರಲಿಲ್ಲ. ನಮ್ಮ ಮಲೆನಾಡಿನ ಕೇಪಿನ ಕೋವಿಯ ಹಾಗೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಇಡಿಯಬೇಕು. ಮದ್ದು ನೆನೆಯಬಾರದು, ಕಿಡಿ ತಾಗಬಾರದು. ಎತ್ತಿನ ಕೊಂಬಿನಲ್ಲಿ ಎರಡೂ ಅನುಕೂಲ ಇತ್ತು. ನೀರು ಒಳಗೆ ಇಳಿಯದು, ತಿಕ್ಕಿದರೆ ಕಿಡಿ ಹಾರದು, ಹೆಗಲಿಗೆ ಭಾರವೂ ಅಲ್ಲ. ಜೋಡಿ ಕೊಂಬಿನಲ್ಲಿ ಒಂದರ ಬಾಗು ಬಲ ಸೊಂಟಕ್ಕೆ ಒಪ್ಪುತ್ತದೆ, ಇನ್ನೊಂದರದು ಎಡಕ್ಕೆ.

ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ತಕರಾರು ಅರ್ಥವಾಗದು. ಮೊದಲು ಬುಡದಿಂದ ತಂತಿ ತೂರಿಸಿ ಟೊಳ್ಳು ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದು, ಹೊರಗಡೆ ಅಷ್ಟಕ್ಕೇ ಗುರುತು ಹಾಕುತ್ತೇನೆ. ತುದಿಯನ್ನು ಕೊಯ್ದು, ಅಲ್ಲಿನ ಗಟ್ಟಿ ಭಾಗದಲ್ಲಿ ಬೈರಿಗೆಯಿಂದ ಆ ಟೊಳ್ಳಿನವರೆಗೆ ತೂತು ಕೊರೆಯಬೇಕು. ಕೊಂಬು ಬಾಗಿರುತ್ತದೆ, ಬೈರಿಗೆ ನೆಟ್ಟಗೆ ಹೋಗುತ್ತದೆ. ಓರೆ ಹಿಡಿಯುವುದು ಒಂದು ಕೂದಲೆಳೆ ತಪ್ಪಿದರೂ ಪಕ್ಕದಲ್ಲಿ ತೂತು ಬಿದ್ದು ಕೊಂಬು ಕೆಟ್ಟಿತು. ಆಮೇಲೆ ಬುಡವನ್ನು ಕುದಿಯುವ ನೀರಿನಲ್ಲಿ ಇಳಿಬಿಡುತ್ತೇನೆ. ಉಗುರು, ಕೂದಲು ಯಾವ ವಸ್ತುವಿನದೋ ಕೊಂಬೂ ಅದೇ ಕೆರಾಟಿನ್ನಿನದು, ಬಿಸಿಗೆ ಮೆತ್ತಗಾಗುತ್ತದೆ. ಮೆತ್ತಗಿರುವಾಗಲೇ ಪೈನ್ ಮರದ ಗುಂಡನೆಯ ಅಡಿಮುಚ್ಚಳವನ್ನು ಒಳಗೆ ಬಡಿದು ಕೂರಿಸಿದರೆ, ಆರುತ್ತ ಆರುತ್ತ ಕೊಂಬೇ ಮರವನ್ನು ಕಚ್ಚಿ ಹಿಡಿಯುತ್ತದೆ. ಸುತ್ತ ಮರದ ಮೊಳೆ, ಸಂದಿಗೆ ಜೇನುಮೇಣ.

ಹೆರೆಯುವ ಕೆಲಸವೇ ನನಗೆ ಎಲ್ಲಕ್ಕಿಂತ ಪ್ರಿಯ. ದೀಪಾವಳಿಗೆ ಮುಂಚೆ ನಮ್ಮ ಮನೆಯಲ್ಲಿ ಎತ್ತಿನ ಕೋಡು ಹೆರೆಯುತ್ತಿದ್ದುದನ್ನು ನೋಡುತ್ತಲೇ ಬೆಳೆದವನು ನಾನು. ಅರದಿಂದ ಒರಟು ಕಳೆದ ಮೇಲೆ ಚೂರಿಯ ಅಲಗನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದು, ಬುಡದಿಂದ ಕತ್ತಿನ ಕಡೆಗೆ ಎಳೆಯಬೇಕು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ ಏಳುತ್ತದೆ. ಅಲಗು ಸರಿಯಾಗಿ ಕೂತರೆ ಸದ್ದು ನುಣ್ಣಗೆ, ಮೊಂಡಾದರೆ ಕಿರ್ ಎಂದು ಕಂಪಿಸಿ ಮೈಮೇಲೆ ಅಲೆಅಲೆಯ ಗುರುತು ಬೀಳುತ್ತದೆ. ಕೆಲವು ಕಡೆ ಒಂದೂವರೆ, ಎರಡು ಮಿಲಿಮೀಟರಿಗೆ ಇಳಿಸುತ್ತೇನೆ. ಆಗ ಕಿಟಕಿಗೆ ಹಿಡಿದರೆ ಬೆಳಕು ಹಾಯುತ್ತದೆ. ಒಳಗೆ ಮದ್ದು ಎಷ್ಟು ಉಳಿದಿದೆ ಎಂಬುದು ಹೊರಗಿನಿಂದಲೇ ಕಾಣಲಿ ಎಂದು ಆಗಿನವರು ಹೀಗೆ ತೆಳ್ಳಗೆ ಮಾಡುತ್ತಿದ್ದರು. ಕತ್ತಿನ ಹತ್ತಿರ ಮಾತ್ರ ಒಂದು ಉಬ್ಬು ಬಳೆ ಉಳಿಸಬೇಕು, ಜೋತುಹಾಕುವ ಪಟ್ಟಿ ಜಾರದಿರಲು. ಮಿಷನ್ನಿನ ಉಜ್ಜುಪಟ್ಟಿಗೆ ಒಡ್ಡಿದರೆ ಇದೆಲ್ಲ ಕಾಲು ಗಂಟೆಯ ಕೆಲಸ, ನಿಜ. ಆದರೆ ಕೊಂಬು ಕಾದು ಕೂದಲು ಸುಟ್ಟ ವಾಸನೆ ಬರುತ್ತದೆ, ಎಲ್ಲಿ ದಪ್ಪ ಎಲ್ಲಿ ತೆಳು ಎಂಬುದು ಕೈಗೆ ತಿಳಿಯುವುದಿಲ್ಲ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಬೂದಿ ಅದ್ದಿ ಉಜ್ಜಿದರೆ ಹೊಳಪು ತಾನಾಗಿ ಬರುತ್ತದೆ. ಗಟ್ಟಿ ಮರದ ಬಿರಡೆ ಕೆತ್ತಿ ಬಾಯಿಗೆ ಹಾಕಿದರೆ ಕೊಂಬು ಸಿದ್ಧ.

ಇಷ್ಟು ಮಾಡಿದ ಮೇಲೆ ಕೈಯಲ್ಲಿರುವುದು ಬೆಳ್ಳಗಿನ, ತಿಳಿಯಾದ, ಹೊಚ್ಚಹೊಸ ಕೊಂಬು. ಅದನ್ನು ಬಣ್ಣದ ಬಕೆಟ್ಟಿಗೆ ಅದ್ದುವವರನ್ನು ಕೇಳಿದರೆ, ಐತಿಹಾಸಿಕ ಯುದ್ಧಗಳ ಮರುಪ್ರದರ್ಶನಕ್ಕೆ ಹೋಗುವವರು ಆ ಕಾಲದ್ದೇ ಎನ್ನಿಸುವ ಕೊಂಬು ಕೇಳುತ್ತಾರೆ ಎನ್ನುತ್ತಾರೆ. ಈ ವಾದ ತಲೆಕೆಳಗು. 1757ರ ಸಿಪಾಯಿಯ ಹೆಗಲಲ್ಲಿದ್ದ ಕೊಂಬು ಆಗ ಹೊಸದೇ! ಅವನ ವೇಷ ಹಾಕುವವನು ಹೊಸ ಕೊಂಬನ್ನೇ ಹಾಕಿಕೊಳ್ಳಬೇಕು. ಮ್ಯೂಸಿಯಮ್ಮಿನಲ್ಲಿ ಕಾಣುವ ಹಳದಿ, ಕಂದು, ಹುಳುಕು ಇವು ಆ ಸಿಪಾಯಿ ಕಂಡವಲ್ಲ, ಅವನ ನಂತರದ ಕಾಲ ಹಾಕಿದ ಗುರುತು.

ಇನ್ನೂ ದೊಡ್ಡ ಕಾರಣ ಬೇರೆಯೇ ಇದೆ. ಆಗಿನ ಸಾಮಾನ್ಯ ಸಿಪಾಯಿಗಳು ತಮ್ಮ ಕೊಂಬಿನ ಮೇಲೆ ತಮ್ಮ ಹೆಸರು, ದಂಡು ಬೀಡುಬಿಟ್ಟ ಜಾಗ, ಇಸವಿ ಕೆತ್ತಿಸಿಕೊಳ್ಳುತ್ತಿದ್ದರು. ಕೆಲವರು ನದಿ, ಕೋಟೆಗಳ ನಕ್ಷೆಯನ್ನೇ ಬರೆಸಿಕೊಂಡರು. ಸೂಜಿಮೊನೆಯ ಗೀರಿಗೆ ದೀಪದ ಮಸಿ ತುಂಬಿ ಒರೆಸಿದರೆ ಅಕ್ಷರ ಕಪ್ಪಾಗಿ ಮೂಡುತ್ತದೆ. ಬ್ರಿಟಿಷರಿಗೂ ಫ್ರೆಂಚರಿಗೂ ಯುದ್ಧ ನಡೆದ ಆ ವರ್ಷಗಳಲ್ಲಿ ಲೇಕ್ ಜಾರ್ಜ್ ಸರೋವರದ ದಂಡೆಯ ಬೀಡಿನಲ್ಲಿ ಕೊಂಬು ಕೆತ್ತುವ ಜಾನ್ ಬುಷ್ ಎಂಬ ಸಿಪಾಯಿ ಇದ್ದ. ಮ್ಯಾಸಚೂಸೆಟ್ಸ್‌ನ ಶ್ರೂಸ್‌ಬರಿಯವನು, ಗುಲಾಮನಲ್ಲದ ಕಪ್ಪು ಮನುಷ್ಯ. ಬಳ್ಳಿ ಹಬ್ಬಿದ ಹಾಗೆ ಬಳುಕುವ ಅವನ ಅಕ್ಷರ ಕಂಡರೆ ಈಗಲೂ ಗುರುತಿಸಬಹುದು. 1757ರ ಆಗಸ್ಟಿನಲ್ಲಿ ಅಲ್ಲಿನ ವಿಲಿಯಂ ಹೆನ್ರಿ ಕೋಟೆ ಬಿದ್ದಾಗ ಸೆರೆಸಿಕ್ಕ, ಮನೆಗೆ ಮರಳಲಿಲ್ಲ. ಅವನು ಎಂಥ ಕಲಾವಿದ ಎಂಬುದನ್ನು ಹೇಳಲು ಉಳಿದಿರುವುದು ಅವನು ಕೆತ್ತಿದ ಕೆಲವೇ ಕೊಂಬುಗಳು. ಅವುಗಳ ನಡುವೆ ಇವತ್ತಿನವನೊಬ್ಬ ಅದೇ ಅಕ್ಷರದಲ್ಲಿ, ಅದೇ ಇಸವಿ ಹಾಕಿ, ಮುಪ್ಪು ಬರಿಸಿದ ಕೊಂಬೊಂದನ್ನು ಬಿಟ್ಟರೆ ಏನಾಗುತ್ತದೆ? ಅವನು ಮೋಸದ ಉದ್ದೇಶ ಇಲ್ಲದೆಯೇ ಮಾಡಿರಬಹುದು. ಆದರೆ ಕೊಂಬು ಮೂರು ಕೈ ದಾಟಿದ ಮೇಲೆ ಆ ಉದ್ದೇಶವನ್ನು ಯಾರು ಹೇಳುತ್ತಾರೆ? ಜಾನ್ ಬುಷ್‌ನ ಬಗ್ಗೆ ನಮಗಿರುವ ಅಷ್ಟಿಷ್ಟು ತಿಳಿವೂ ಕಲಬೆರಕೆಯಾಗುತ್ತದೆ.

ರೂಫಸ್ ಗ್ರೈಡರ್ ಎಂಬ ಚಿತ್ರಕಾರ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಊರೂರು ಸುತ್ತಿ ಇಂಥ ನೂರಾರು ಕೊಂಬುಗಳ ಚಿತ್ರ ಬರೆದಿಟ್ಟ. ಅವನ ಚಿತ್ರದಲ್ಲಿರುವ ಕೊಂಬಿನ ಕಾಲಕ್ಕೆ ಒಂದು ಸಾಕ್ಷಿ ಇದೆ. ಉಳಿದವುಗಳಿಗೆ ನಮ್ಮ ಪ್ರಾಮಾಣಿಕತೆಯೇ ಸಾಕ್ಷಿ.

ಇದೆಲ್ಲ ದೂರದವರ ಕಥೆ ಎನ್ನಿಸಬಹುದು. ಆದರೆ ಫ್ರೆಂಚರೊಡನೆ ನಡೆದ ಆ ಯುದ್ಧದಲ್ಲಿ ಬ್ರಿಟಿಷರ ಮದ್ದಿಗೆ ಬೇಕಾದ ಪೆಟ್ಲುಪ್ಪು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ಬಿಹಾರದಿಂದ. ಮದ್ದಿನಲ್ಲಿ ಮುಕ್ಕಾಲು ಪಾಲು ಅದೇ, ಉಳಿದದ್ದು ಇದ್ದಿಲು, ಗಂಧಕ. ಮುಂದೆ 1782ರಲ್ಲಿ ಇದೇ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಹೂಡಿದ ಒಂದು ಹಡಗಿಗೆ ನಮ್ಮ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. ಇದನ್ನು ಓದಿದ ದಿನದಿಂದ ಈ ಕೊಂಬು ನನಗೆ ಪರರ ವಸ್ತು ಎನ್ನಿಸಿಲ್ಲ.

ನಮ್ಮದೇ ಎನ್ನಿಸಿದ ವಸ್ತುವಿಗೆ ಹೆಸರು ಹಾಕುವುದಕ್ಕೆ ಸಂಕೋಚವೇಕೆ? ನನ್ನ ತಾಲ್ಲೂಕಿನದೇ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಮದನಿಕೆಗಳ ಬಳಿ ತಮ್ಮ ಹೆಸರು ಕೆತ್ತಿ ಹೋದರು. ಒಂಬೈನೂರು ವರ್ಷದ ಮೇಲೂ ಆ ಶಿಲ್ಪ ಯಾರದು ಎಂದು ಹೇಳಬಲ್ಲೆವು. ನನ್ನ ಕೊಂಬುಗಳ ಅಡಿಮುಚ್ಚಳದ ಮೇಲೆ ನಾನು ಕನ್ನಡ ಅಕ್ಷರದಲ್ಲೇ ಹೆಸರು, ಊರು, ಮಾಡಿದ ಇಸವಿ ಕೊರೆಯುತ್ತೇನೆ. ಇದರಿಂದಾಗಿ ಕೊಳ್ಳದೆ ಹೋದ ಗಿರಾಕಿಗಳೂ ಇದ್ದಾರೆ. ಹೋಗಲಿ.

ಇಂಥ ಕೊಂಬುಗಳನ್ನು ಮಾರುವ ಮೇಳ ನಡೆಸುವವರು ಮಾಡಿದವನ ಹೆಸರು, ಇಸವಿ ಇಲ್ಲದ ಹೊಸ ಕೊಂಬನ್ನು ಮೇಜಿನ ಮೇಲೆ ಇಡಗೊಡಬಾರದು. ಅದೊಂದು ನಿಯಮ ಸಾಕು. ಊರಿಗೆ ಬಂದಾಗಲೂ ಇದನ್ನೇ ಹೇಳುತ್ತಿರುತ್ತೇನೆ. ಬಿದರಿಗೆ, ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕ ಸಿಕ್ಕಿ ಊರಿನ ಹೆಸರಿಗೆ ರಕ್ಷಣೆ ಬಂತು, ಸಂತೋಷ. ಆದರೆ ಬಿದರಿ ಹೂಜಿಯ ತಳ ತಿರುಗಿಸಿದರೆ ಬೆಲೆಯ ಚೀಟಿ ಇರುತ್ತದೆ, ತಂತಿ ಕೂರಿಸಿದವರ ಹೆಸರು ಇರುವುದಿಲ್ಲ. ಕರಕುಶಲ ಮಳಿಗೆಗಳು ಆ ಚೀಟಿಯಲ್ಲೇ ಇನ್ನೊಂದು ಸಾಲು ಸೇರಿಸಲಿ: ಮಾಡಿದವರು, ಊರು, ಇಸವಿ.