ನಾಲಿಗೆಯನ್ನಷ್ಟೇ ಬೈಯಬೇಡಿ

ಹೆಂಗಸರಿಗೆ ಬಾಯಿಚಪಲ ಜಾಸ್ತಿ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೋದ ತಿಂಗಳು ಕಳಲೆಯಿಂದ ನಂಜನಗೂಡಿಗೆ ಹೋಗಿ, ನಂಜುಂಡೇಶ್ವರನ ದರ್ಶನ ಮುಗಿಸಿ, ನಮ್ಮ ಮನೆಯವರ ಜೊತೆ ಹೋಟೆಲೊಂದಕ್ಕೆ ಹೋದೆ. ನಾನು ಸಕ್ಕರೆ ಕಾಯಿಲೆಯವಳು. ಎರಡು ಇಡ್ಲಿ ಸಾಕೆಂದುಕೊಂಡೇ ಒಳಗೆ ಕಾಲಿಟ್ಟದ್ದು. ತಲೆಯ ಮೇಲೇ ಸ್ಪೀಕರು, ಸಿನಿಮಾ ಹಾಡಿನ ಅಬ್ಬರ. ಮಾಣಿಗೆ ಕೂಗಿಯೇ ಹೇಳಬೇಕು. ಕೂಗುವ ಭರದಲ್ಲಿ ಬಾಯಿಂದ ಹೊರಟದ್ದು ಪೂರಿ, ಆಮೇಲೆ ಜಾಮೂನು! ಮನೆಗೆ ಬಂದು ನೋಡಿಕೊಂಡರೆ ಸಕ್ಕರೆ 260. "ನಿನಗೆ ನಾಲಿಗೆಯ ಮೇಲೆ ಹಿಡಿತವೇ ಇಲ್ಲ" ಎಂದರು ಇವರು. ಅವರೂ ಜಾಮೂನು ತಿಂದಿದ್ದರು, ಆ ಮಾತು ಬೇರೆ.

ತಪ್ಪು ನನ್ನದೇ. ಆದರೆ ನನ್ನದು ಮಾತ್ರವೇ? ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಕಾಫಿ ಹೋಟೆಲೊಂದರಲ್ಲಿ ದೀಪಾಯನ್ ಬಿಸ್ವಾಸ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಸಂಗೀತವನ್ನು ಒಮ್ಮೆ 55 ಡೆಸಿಬಲ್, ಒಮ್ಮೆ 70 ಡೆಸಿಬಲ್ ಸದ್ದಿನಲ್ಲಿಟ್ಟು, ಗಿರಾಕಿಗಳು ಏನು ಕೊಳ್ಳುತ್ತಾರೆಂದು ಲೆಕ್ಕ ಹಾಕಿದರು. ಸದ್ದು ಜೋರಾಗಿದ್ದಾಗ ಆರೋಗ್ಯಕ್ಕೆ ಒಗ್ಗದ ತಿಂಡಿ ಕೊಂಡವರು ಹೆಚ್ಚಾದರೆಂದು 2019ರಲ್ಲಿ ಅಚ್ಚಾದ ಅವರ ಅಧ್ಯಯನ ಹೇಳುತ್ತದೆ. ಮೆಲುದನಿಯಲ್ಲಿ ಮನಸ್ಸು ಶಾಂತವಾಗಿದ್ದು ಯೋಚಿಸಿ ಆರಿಸುತ್ತದೆ. ಅಬ್ಬರಕ್ಕೆ ಮೈ ಕೆರಳುತ್ತದೆ.

ಇಂಗ್ಲೆಂಡಿನ ಅಂಗಡಿಯೊಂದರಲ್ಲಿ ಫ್ರೆಂಚ್ ಸಂಗೀತ ಹಾಕಿದಾಗ ಫ್ರಾನ್ಸಿನ ದ್ರಾಕ್ಷಾರಸ, ಜರ್ಮನ್ ಸಂಗೀತ ಹಾಕಿದಾಗ ಜರ್ಮನಿಯದು ಹೆಚ್ಚು ಖರ್ಚಾದದ್ದು 1997ರಲ್ಲೇ ಪ್ರಕಟವಾಗಿತ್ತು. ಸಂಗೀತ ಕೇಳಿ ಕೊಂಡೆವೆಂದು ಕೊಂಡವರಲ್ಲಿ ಹೆಚ್ಚಿನವರು ಒಪ್ಪಲೇ ಇಲ್ಲವಂತೆ. ಕಿವಿ ಹಿಡಿದು ಎಳೆದೊಯ್ದದ್ದು ಅವರಿಗೇ ತಿಳಿಯಲಿಲ್ಲ!

ನಾನು ಹಾಡಿನ ಶತ್ರುವಲ್ಲ. ಮೈಸೂರು ಆಕಾಶವಾಣಿ ಕೇಳುತ್ತಲೇ ಉಂಡು ಬೆಳೆದವಳು. ಆದರೆ ನಮ್ಮ ರೇಡಿಯೋ ಎಷ್ಟೇ ಹಾಡಲಿ, ನಾವು "ಸಾಕು" ಅಂದದ್ದು ಅಮ್ಮನಿಗೆ ಕೇಳಿಸುತ್ತಿತ್ತು. ಈಗಿನ ಹೋಟೆಲು, ಮದುವೆ ಛತ್ರಗಳಲ್ಲಿ ನಮ್ಮ "ಸಾಕು" ನಮಗೇ ಕೇಳಿಸುವುದಿಲ್ಲ.

ಗಿರಾಕಿಗಳಿಗೆ ಇದೇ ಇಷ್ಟ ಎನ್ನುತ್ತಾರೆ ಮಾಲೀಕರು. ಯಾವ ಗಿರಾಕಿ? ನನ್ನನ್ನಂತೂ ಯಾರೂ ಕೇಳಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ಅಂಗಡಿಬೀದಿಗೇ ಹಗಲಿನಲ್ಲಿ 65 ಡೆಸಿಬಲ್ ಮಿತಿ ಹಾಕಿವೆ. ಉಣ್ಣುವ ಮೇಜಿಗೆ ಬೀದಿಗಿಂತ ಹೆಚ್ಚು ಗದ್ದಲ ಯಾಕೆ?

ತರಗತಿಯಲ್ಲಿ "ಸದ್ದು!" ಎಂದು ಇಷ್ಟು ವರ್ಷ ಮೇಜು ಕುಟ್ಟಿದ ನಾನು ಹೋಟೆಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆನಲ್ಲ! ಮೊನ್ನೆ ಅದೇ ಹೋಟೆಲಿಗೆ ಹೋಗಿ, ಗಲ್ಲೆಯ ಮುಂದೆ ನಿಂತು, "ಸ್ವಲ್ಪ ಸದ್ದು ಕಡಿಮೆ ಮಾಡಪ್ಪ" ಎಂದೆ. ಮಾಡಿದ. ಎರಡು ಇಡ್ಲಿ ತಿಂದು ಎದ್ದು ಬಂದೆ. ನೀವೂ ಕೇಳಿ ನೋಡಿ.