ಕಪ್ ಗೆದ್ದವರು ಎಲ್ಲಿಗೆ ಹೋದರು?

ರಾಷ್ಟ್ರೀಯ ಕಪ್ ಗೆದ್ದ ತಂಡವೊಂದು ಅದೇ ವರ್ಷ ಬಾಗಿಲು ಹಾಕಿಕೊಂಡಿತು ಅಂದರೆ ನಂಬುತ್ತೀರಾ? ರನ್ನರ್ ಅಪ್ ಅಲ್ಲ, ಕೊನೇ ಸ್ಥಾನದವರೂ ಅಲ್ಲ, ಸಾಕ್ಷಾತ್ ಗೆದ್ದವರು. ಸ್ಪೇನಿನಲ್ಲಿ ಹಾಗಾಗಿದೆ. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಬರೆದರೆ ಓದುವವರು ಕಮ್ಮಿ ಅಂತ ಗೊತ್ತು, ಆದರೂ ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವುದರಿಂದ ಬರೆದೇ ಬಿಡುತ್ತೇನೆ.

ಮೊದಲು ಸ್ವಲ್ಪ ಪೀಠಿಕೆ. ಸ್ಪೇನಿನಲ್ಲಿ ಗಂಡಸರ ಬಾಸ್ಕೆಟ್‌ಬಾಲ್‌ಗೆ ‘ಕೋಪಾ ದೆಲ್ ರೇ’, ಅಂದರೆ ರಾಜನ ಕಪ್. ಹೆಂಗಸರಿಗೆ ‘ಕೋಪಾ ದೆ ಲಾ ರೇನಾ’, ರಾಣಿಯ ಕಪ್. (ಫುಟ್‌ಬಾಲಿಗೂ ಇದೇ ಹೆಸರಿನ ಕಪ್‌ಗಳಿವೆ, ಗೊಂದಲ ಮಾಡಿಕೊಳ್ಳಬೇಡಿ.) ಹೆಂಗಸರ ಈ ಕಪ್‌ನ ಬೇರು 1940ರ ದಶಕದಲ್ಲಿದೆ. ಆಗ ಫ್ರಾಂಕೋನ ಸರ್ವಾಧಿಕಾರ. ಸಿಂಹಾಸನದ ಮೇಲೆ ರಾಜನೂ ಇಲ್ಲ, ರಾಣಿಯೂ ಇಲ್ಲ! 1975ರಲ್ಲಿ ಫ್ರಾಂಕೋ ಸತ್ತು ರಾಜಮನೆತನ ಮರಳಿ ಬಂದ ಮೇಲಷ್ಟೇ ಕಪ್‌ಗೆ ರಾಣಿಯ ಹೆಸರು ಬಂತು.

ಈಚಿನ ವರ್ಷಗಳಲ್ಲಿ ಇದರ ರೀತಿ ಹೀಗಿದೆ. ಲೀಗ್ ಅರ್ಧ ಮುಗಿಯುವ ಹೊತ್ತಿಗೆ ಮೇಲಿರುವ ತಂಡಗಳಿಗೆ ಕಪ್ ಆಡುವ ಅರ್ಹತೆ. ಒಟ್ಟು ಎಂಟು ತಂಡ, ಒಂದೇ ಊರು, ಒಂದೇ ಸ್ಟೇಡಿಯಂ, ನಾಲ್ಕು ದಿನ. ಸೋತವರು ಗಂಟುಮೂಟೆ ಕಟ್ಟಬೇಕು. ಏಳು ಮ್ಯಾಚಿಗೆ ಕಥೆ ಮುಗಿಯಿತು.

ನಾಕೌಟ್ ಅಂದರೆ ಅದೃಷ್ಟದ ಆಟ, ನಿಜವಾದ ಒಳ್ಳೆಯ ತಂಡ ಯಾವುದು ಅಂತ ಲೀಗೇ ಹೇಳಬೇಕು ಅನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸುಳ್ಳಲ್ಲ. ಒಂದು ತಂಡಕ್ಕೆ ಪ್ರತಿ ಮ್ಯಾಚ್ ಗೆಲ್ಲುವ ಸಾಧ್ಯತೆ ಶೇ. 80 ಇದೆ ಅನ್ನಿ. ಅಷ್ಟು ಬಲವಾದ ತಂಡಕ್ಕೂ ಸಾಲಾಗಿ ಮೂರು ಮ್ಯಾಚ್ ಗೆದ್ದು ಕಪ್ ಎತ್ತುವ ಸಾಧ್ಯತೆ ಶೇ. 51 ಮಾತ್ರ. ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಬೇಕಲ್ಲ :-) ) ಆದರೆ ನನಗೆ ಇಷ್ಟವಾಗುವುದು ಆ ಉಳಿದ ಶೇ. 49ರ ಭಾಗವೇ. ದೊಡ್ಡ ತಂಡಗಳು ಮುಗ್ಗರಿಸಲು ಜಾಗ ಇರುವುದರಿಂದಲೇ ಸಣ್ಣ ಊರಿನ ಜನ ಬಸ್ಸು ಮಾಡಿಕೊಂಡು ನೋಡಲು ಬರುತ್ತಾರೆ.

ನಾಕೌಟಿನ ರುಚಿ ನನಗೆ ಹತ್ತಿದ್ದು ನಮ್ಮ ಬೆಂಗಳೂರಿನಲ್ಲೇ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಫೈನಲ್‌ನಲ್ಲಿ ಜಪಾನ್ 74, ಆಸ್ಟ್ರೇಲಿಯಾ 73. ಒಂದೇ ಪಾಯಿಂಟು! ಎರಡನೇ ವಿಭಾಗದಲ್ಲಿ ನಮ್ಮ ಭಾರತದ ಹುಡುಗಿಯರು ಕಜಾಕಸ್ತಾನವನ್ನು 75-73ರಲ್ಲಿ ಸೋಲಿಸಿ ಗೆದ್ದರು. ಇಂಥ ಎರಡು ಫೈನಲ್ ಒಂದೇ ಊರಿನಲ್ಲಿ ನಡೆದರೂ ಎಷ್ಟೋ ಜನ ಬೆಂಗಳೂರಿನವರಿಗೆ ಅದು ಗೊತ್ತೇ ಆಗಲಿಲ್ಲ ಅನ್ನುವುದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿಂದ ಶುರುವಾದ ಹುಚ್ಚು ಇಂಟರ್ನೆಟ್ಟಿನಲ್ಲಿ ಯುರೋಪಿನ ಮಹಿಳಾ ಬಾಸ್ಕೆಟ್‌ಬಾಲ್ ಹುಡುಕುವವರೆಗೆ ಬೆಳೆಯಿತು. ಹಾಗೆ ಹುಡುಕುವಾಗ ಸಿಕ್ಕಿದ್ದೇ ವೆಲ್ವಾದ ಕಥೆ.

ವೆಲ್ವಾ ಸ್ಪೇನಿನ ದಕ್ಷಿಣಕ್ಕೆ, ಪೋರ್ಚುಗಲ್ ಗಡಿಯ ಹತ್ತಿರ ಇರುವ ಬಂದರು ಪಟ್ಟಣ. ಅಲ್ಲಿನ ಕೊಂಕೆರೋ ಅನ್ನುವ ಕ್ಲಬ್ಬು 2016ರಲ್ಲಿ ಸಾನ್ ಸೆಬಾಸ್ಟಿಯನ್ ಊರಿನಲ್ಲಿ ನಡೆದ ರಾಣಿಯ ಕಪ್ ಗೆದ್ದುಬಿಟ್ಟಿತು. ಘಟಾನುಘಟಿಗಳನ್ನು ಬದಿಗೊತ್ತಿ. ಆ ಹೊತ್ತಿಗೆ ಆಟಗಾರ್ತಿಯರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಕೈಗೆ ಕಾಸು ಬರದೆ, ಮನೆ ಬಾಡಿಗೆ ಹೇಗೆ ಅಂತ ಯೋಚಿಸುತ್ತಾ ಮ್ಯಾಚ್ ಆಡಿ ಗೆಲ್ಲುವುದು ಹೇಗಿರುತ್ತದೆ ಅಂತ ಸುಮ್ಮನೆ ಊಹಿಸಿಕೊಳ್ಳಿ. ನಮ್ಮ ಐಟಿ ಕಂಪನಿಗಳಲ್ಲಿ ಸಂಬಳ ಎರಡು ದಿನ ತಡವಾದರೆ ಎಷ್ಟು ಈಮೇಲ್ ಹಾರಾಡುತ್ತವೆ! ಕಪ್ ಬಂತು, ಫೋಟೋ ಬಂತು, ಊರಿನಲ್ಲಿ ಸಂಭ್ರಮವೂ ಆಯಿತು. ಬೇಸಿಗೆಯ ಹೊತ್ತಿಗೆ ತಂಡವೇ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಹೂವು ಮುಡಿದವರು ಒಬ್ಬರು, ಹಸಿದವರು ಇನ್ನೊಬ್ಬರು.

ಇನ್ನು ಆ ವರ್ಷದ ಆಗಸ್ಟ್ ನೆನಪಿದೆಯಾ? ನಮಗೆಲ್ಲ ನೆನಪಿರಲೇಬೇಕು. 2016ರ ಆಗಸ್ಟ್ 19ರಂದು ರಿಯೋ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ನಮ್ಮ ಸಿಂಧುವನ್ನು ಸೋಲಿಸಿದ ಕರೋಲಿನಾ ಮರೀನ್ ಇದೇ ವೆಲ್ವಾದ ಹುಡುಗಿ. ಮಾರನೇ ದಿನ ಸ್ಪೇನಿನ ಮಹಿಳಾ ಬಾಸ್ಕೆಟ್‌ಬಾಲ್ ತಂಡ ಅಮೆರಿಕಕ್ಕೆ ಫೈನಲ್‌ನಲ್ಲಿ ಸೋತು ಬೆಳ್ಳಿ ತಗೊಂಡಿತು. ಇಡೀ ಸ್ಪೇನ್ ಚಪ್ಪಾಳೆ ತಟ್ಟುತ್ತಿದ್ದ ಅದೇ ಬೇಸಿಗೆಯಲ್ಲಿ ದೇಶದ ಕಪ್ ಗೆದ್ದ ಕ್ಲಬ್ಬು ಕಣ್ಣು ಮುಚ್ಚಿತ್ತು.

ಇದೊಂದೇ ಆಗಿದ್ದರೆ ದುರದೃಷ್ಟ ಅಂತ ಸುಮ್ಮನಾಗಬಹುದಿತ್ತು. ಅದಕ್ಕೂ ನಾಲ್ಕು ವರ್ಷ ಹಿಂದೆ, 2012ರಲ್ಲಿ, ಇಸ್ತಾಂಬುಲ್‌ನಲ್ಲಿ ನಡೆದ ಮಹಿಳೆಯರ ಯುರೋಲೀಗ್ ಫೈನಲ್‌ನಲ್ಲಿ ಎದುರಾದ ತಂಡಗಳೆರಡೂ ಸ್ಪೇನಿನವೇ. ಗೆದ್ದದ್ದು ವೆಲೆನ್ಸಿಯಾದ ರೋಸ್ ಕಸಾರೆಸ್. ರಾಣಿಯ ಕಪ್ಪನ್ನೂ ಹಲವು ಸಲ ಮನೆಗೆ ಒಯ್ದಿದ್ದ ತಂಡ. ಆ ವರ್ಷ ಲಾರೆನ್ ಜಾಕ್ಸನ್, ಮಾಯಾ ಮೂರ್ ಥರದ ದೊಡ್ಡ ಹೆಸರುಗಳೆಲ್ಲ ಅದರಲ್ಲಿದ್ದವು. ಹಿಂದೆ ನಿಂತಿದ್ದದ್ದು ಒಂದು ಉಕ್ಕಿನ ಕಂಪನಿ. ಯುರೋಪಿನ ಚಾಂಪಿಯನ್ ಆದ ಕೆಲವೇ ತಿಂಗಳಲ್ಲಿ ಆ ವೃತ್ತಿಪರ ತಂಡವನ್ನೂ ಮುಚ್ಚಿದರು. ಸ್ಪೇನಿನ ಆರ್ಥಿಕ ಬಿಕ್ಕಟ್ಟಿನ ಕಾಲ ಅದು, ನಿಜ. ಆದರೆ ಬಿಕ್ಕಟ್ಟು ಬಂದಾಗ ಮೊದಲು ಕತ್ತರಿ ಬೀಳುವುದು ಯಾರಿಗೆ ಅನ್ನುವುದೇ ನನ್ನ ಪ್ರಶ್ನೆ.

ಈಗ ಇನ್ನೊಂದು ಮುಖ. 2023ರಲ್ಲಿ ಸರಗೋಸಾ ಊರಿನಲ್ಲಿ ಕಪ್ ನಡೆಯಿತು. ಗೆದ್ದದ್ದು ಊರಿನದೇ ತಂಡ ಕಸಾದೆಮೊಂತ್ ಸರಗೋಸಾ. (ಕಸಾದೆಮೊಂತ್ ಅನ್ನುವುದು ಪ್ರಾಯೋಜಕ ಕಂಪನಿಯ ಹೆಸರು, ಮಾಂಸದ ತಿನಿಸು ತಯಾರಿಸುವವರು.) ಫೈನಲ್ ನೋಡಲು ಬಂದವರು 10,800 ಜನ. ಸ್ಪೇನಿನ ಮಹಿಳಾ ಕ್ಲಬ್ ಬಾಸ್ಕೆಟ್‌ಬಾಲ್‌ನಲ್ಲಿ ಅದು ಆ ಹೊತ್ತಿನ ದಾಖಲೆ. ಹೆಂಗಸರ ಆಟ ಯಾರು ನೋಡುತ್ತಾರೆ ಅನ್ನುವವರಿಗೆ ಈ ಒಂದು ಸಂಖ್ಯೆ ಸಾಕು. ಮುಂದಿನ ವರ್ಷ ಗೆದ್ದದ್ದು ವೆಲೆನ್ಸಿಯಾ ಬಾಸ್ಕೆಟ್. ರೋಸ್ ಕಸಾರೆಸ್ ಮುಚ್ಚಿದ್ದ ಊರಿನಲ್ಲೇ, 2014ರಲ್ಲಿ, ಗಂಡಸರ ಕ್ಲಬ್ಬೊಂದು ಮಹಿಳಾ ತಂಡ ಕಟ್ಟಿ, ಕೆಳಗಿನಿಂದ ಮೇಲೆ ಬಂದು, ಹತ್ತು ವರ್ಷಕ್ಕೆ ರಾಣಿಯ ಕಪ್ ಮುಟ್ಟಿತು. ಆ ಕ್ಲಬ್ಬಿನ ಹಿಂದಿರುವುದು ಮೆರ್ಕದೋನಾ ಅನ್ನುವ ದೊಡ್ಡ ಸೂಪರ್ ಮಾರ್ಕೆಟ್ ಸಾಲಿನ ಮಾಲೀಕ ಹುವಾನ್ ರೋಯ್ಗ್.

ಎರಡೂ ಗಂಡಸರ ದೊಡ್ಡ ಕ್ಲಬ್ಬುಗಳ ಮಹಿಳಾ ವಿಭಾಗಗಳು ಅನ್ನುವುದನ್ನು ಗಮನಿಸಿ. ಅವುಗಳ ಎದುರು ಸಾಲಮಂಕಾದ ಅವೆನಿದಾ ಇದೆ. 1988ರಲ್ಲಿ ಹುಟ್ಟಿದ, ಹೆಂಗಸರ ಆಟಕ್ಕೇ ಮೀಸಲಾದ ಕ್ಲಬ್ಬು. ಸುಗಂಧದ್ರವ್ಯದ ಅಂಗಡಿಗಳ ಹೆಸರು ಹೊತ್ತುಕೊಂಡು ‘ಪೆರ್ಫುಮೆರಿಯಾಸ್ ಅವೆನಿದಾ’ ಅಂತ ಆಡಿದವರು. 2017ರಿಂದ 2020ರವರೆಗೆ ಸತತ ನಾಲ್ಕು ಸಲ ಇದೇ ಕಪ್ ಗೆದ್ದರು. ನನ್ನ ಪಕ್ಷಪಾತ ಅವೆನಿದಾ ಕಡೆಗೇ, ಮುಚ್ಚುಮರೆ ಏನಿಲ್ಲ. ಒಂದು ವಿಶ್ವವಿದ್ಯಾಲಯದ ಊರು ತನ್ನ ಮೊದಲ ತಂಡ ಅಂತ ಹುಡುಗಿಯರ ತಂಡವನ್ನು ಹೇಳಿಕೊಳ್ಳುವುದು ಚಂದ ಅಲ್ವಾ?

ಹಾಗಂತ ಗಂಡಸರ ಕ್ಲಬ್ಬುಗಳು ಬಂದು ಆಟ ಕೆಡಿಸಿದವು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ತಿಂಗಳ ಕೊನೆಗೆ ಸಂಬಳ ಕೊಡುವವರು ಕೆಡಿಸಿದವರು ಹೇಗಾಗುತ್ತಾರೆ? ಆದರೆ ಅದರಿಂದ ಎಲ್ಲ ಸರಿಹೋಯಿತು ಅನ್ನುವುದನ್ನೂ ಒಪ್ಪಲಾರೆ. ಉಕ್ಕಿನ ಕಂಪನಿ ಇರಲಿ, ಸೂಪರ್ ಮಾರ್ಕೆಟ್ ಇರಲಿ, ಒಬ್ಬ ಧಣಿಯ ಮನಸ್ಸಿನ ಮೇಲೆ ನಿಂತ ತಂಡ ಅವನ ಮನಸ್ಸು ಬದಲಾಗುವ ತನಕ ಮಾತ್ರ.

ಹಾಗಾದರೆ ಏನು ಮಾಡಬೇಕು? ಸಂಬಳ ಬಾಕಿ ಇಟ್ಟ ಕ್ಲಬ್ಬನ್ನು ಕಪ್‌ಗೆ ಸೇರಿಸಲೇಬಾರದು ಅನ್ನುವುದು ಮೊದಲು ಹೊಳೆಯುವ ಉತ್ತರ. ನಾನೂ ಅದರ ಬಗ್ಗೆ ಯೋಚಿಸಿದೆ. ಆದರೆ ಆ ನಿಯಮ 2016ರಲ್ಲಿ ಇದ್ದಿದ್ದರೆ ಕೊಂಕೆರೋ ಹುಡುಗಿಯರು ಸಂಬಳವನ್ನೂ ಕಳಕೊಂಡು ಕಪ್ಪನ್ನೂ ಕಳಕೊಳ್ಳುತ್ತಿದ್ದರು. ತಪ್ಪು ಆಡಳಿತದ್ದು, ಶಿಕ್ಷೆ ಆಟಗಾರ್ತಿಯರಿಗೆ. ನನ್ನ ಪ್ರಕಾರ ಮಾಡಬೇಕಾದ್ದು ಇಷ್ಟು: ಕಪ್‌ನಿಂದ ಕ್ಲಬ್ಬಿಗೆ ಬರುವ ದುಡ್ಡು ಎಷ್ಟೇ ಇರಲಿ, ಯಾವ ಬಾಬತ್ತಿನದೇ ಇರಲಿ, ಅದರಲ್ಲಿ ಮೊದಲ ಹಕ್ಕು ಬಾಕಿ ಸಂಬಳಕ್ಕೆ. ಫೆಡರೇಶನ್ ಅದನ್ನು ನೇರವಾಗಿ ಆಟಗಾರ್ತಿಯರ ಖಾತೆಗೆ ಹಾಕಲಿ, ಉಳಿದರೆ ಕ್ಲಬ್ಬಿಗೆ ಹೋಗಲಿ. ಜೊತೆಗೆ, ಗ್ಯಾಲರಿಯಲ್ಲಿ 10,800 ಜನ ಇದ್ದರು ಅಂತ ಪ್ರಕಟಿಸುವ ಜಾಗದಲ್ಲೇ ಎಂಟು ತಂಡಗಳ ಸಂಬಳ ಬಾಕಿಯನ್ನೂ ಪ್ರಕಟಿಸಲಿ. ನಾಚಿಕೆಗಾದರೂ ಕೆಲವರು ಕೊಡುತ್ತಾರೆ. ಇದರಿಂದ ಇಡೀ ವರ್ಷದ ಸಂಬಳ ಬರುವುದಿಲ್ಲ, ಗೊತ್ತು. ಆದರೆ ಟಿವಿ ಕ್ಯಾಮೆರಾ, ಮೇಯರ್, ಪ್ರಾಯೋಜಕರು ಎಲ್ಲರೂ ಒಂದೇ ಸೂರಿನಡಿ ಸೇರುವುದು ವರ್ಷಕ್ಕೆ ಆ ನಾಲ್ಕೇ ದಿನ. ಆಗ ಕೇಳದೆ ಇನ್ಯಾವಾಗ ಕೇಳುವುದು?

ಅಂದ ಹಾಗೆ, ವೆಲೆನ್ಸಿಯಾ ಗೆದ್ದ ಆ 2024ರ ಕಪ್ ನಡೆದದ್ದು ಎಲ್ಲಿ ಗೊತ್ತಾ? ವೆಲ್ವಾದಲ್ಲೇ. ಕರೋಲಿನಾ ಮರೀನ್ ಹೆಸರಿಟ್ಟ ಸ್ಟೇಡಿಯಂನಲ್ಲಿ. ಕೊಂಕೆರೋ ಗೆದ್ದು ಎಂಟು ವರ್ಷವಾಗಿತ್ತು. ಕಪ್ ಊರಿಗೆ ಬಂದಾಗ ಆ ತಂಡ ಆಡಲು ಉಳಿದಿರಲಿಲ್ಲ. ಸ್ಪೇನ್ ಕಡೆ ಇರುವ ಕನ್ನಡಿಗರು ಯಾರಾದರೂ ಆ ನಾಲ್ಕು ದಿನ ಅಲ್ಲಿದ್ದರೆ, ಗ್ಯಾಲರಿಯಲ್ಲಿ ಯಾರಾದರೂ ಹಳೇ ಕೊಂಕೆರೋ ಅಂಗಿ ಹಾಕಿಕೊಂಡು ಬಂದಿದ್ದರಾ, ದಯವಿಟ್ಟು ತಿಳಿಸಿ.